ಜೂನ್ ಒಂದಕ್ಕೆ ಹುಟ್ಟಿದವನ ನಿಜವಾದ ವಯಸ್ಸು

ಓದುವ ಎಲ್ಲ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ ನನ್ನ ಶರಣು. ನಾನು ಬರೆಯುವ ಮನುಷ್ಯ ಅಲ್ಲ. ಮೀಸೆ ಚಿಗುರುವ ಕಾಲಕ್ಕೆ ಮಗ್ಗಿ ಬಾಯಿಪಾಠ ಮಾಡಿದವನು. ಈ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರ ಬಂದರೆ ಬದಿಗಿಟ್ಟ ಚಹಾ ಆರಿಹೋಗುತ್ತದೆ. ತಪ್ಪುಗಳು ಬಹಳ ಇರುತ್ತವೆ, ಹೊಟ್ಟೆಯಲ್ಲಿ ಹಾಕಿಕೊಂಡು ಓದಿರಿ. ಯಾರ ಹೆಸರನ್ನೂ ಬರೆದಿಲ್ಲ, ಅವರನ್ನೆಲ್ಲ ಕೇಳಲು ಈಗ ಅವರು ಎಲ್ಲಿದ್ದಾರೋ ಗೊತ್ತಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಕತಾರಿನ ರಾಸ್ ಲಫಾನ್‌ನಲ್ಲಿ ಒಂದು ಕೊರಿಯನ್ ಕಂಪನಿಯಲ್ಲಿ ಸಿಗ್ನಲ್‌ಮನ್ ಆಗಿದ್ದೆ. ಕ್ರೇನ್ ಭಾರ ಎತ್ತುವಾಗ ಆಪರೇಟರ್ ಮೇಲೆ ಕ್ಯಾಬಿನ್‌ನಲ್ಲಿ ಇರುತ್ತಾನೆ, ಕೊಕ್ಕೆಯ ಕೆಳಗೆ ಏನು ನಡೆದಿದೆ ಎಂದು ಅವನಿಗೆ ಪೂರ್ತಿ ಕಾಣುವುದಿಲ್ಲ. ಕೆಳಗೆ ನಿಂತು ಕೈಸನ್ನೆಯಿಂದ ಎತ್ತು, ಇಳಿಸು, ತಿರುಗಿಸು, ನಿಲ್ಲು ಎಂದು ಹೇಳುವವನೇ ಸಿಗ್ನಲ್‌ಮನ್. ಸೈಟಿನಲ್ಲಿ ನಾವು ಆಡುತ್ತಿದ್ದದ್ದು ಮುರುಕು ಇಂಗ್ಲಿಷು, ಮುರುಕು ಹಿಂದಿ, ನಡುನಡುವೆ ಅರಬ್ಬಿ. ಅದನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಮೊದಲ ದಿನ ಸೈಟ್ ಆಫೀಸಿನಲ್ಲಿ ಒಬ್ಬ ಕೊರಿಯನ್ ಎಂಜಿನಿಯರ್, ಮೂವತ್ತರ ಆಸುಪಾಸಿನವನು, ನನ್ನ ಹೆಸರಿಗಿಂತ ಮೊದಲು ವಯಸ್ಸು ಕೇಳಿದ. ನಾನು ಪಾಸ್‌ಪೋರ್ಟ್ ಕೊಟ್ಟೆ. ಹುಟ್ಟಿದ ದಿನ ಜೂನ್ ಒಂದು. ನಲವತ್ತೆರಡು ಎಂದು ಲೆಕ್ಕ ಹಾಕಿ ತಲೆಯಾಡಿಸಿದ. ನನ್ನ ಹಿಂದೆ ಹುನಗುಂದದವನು, ಅವನದೂ ಜೂನ್ ಒಂದು. ಅವನ ಹಿಂದೆ ಗದಗಿನವನು, ಅವನದೂ ಜೂನ್ ಒಂದು. ಎಂಜಿನಿಯರ್ ಮೂರೂ ಪಾಸ್‌ಪೋರ್ಟ್‌ಗಳನ್ನು ಪಕ್ಕಪಕ್ಕ ಇಟ್ಟು ನಮ್ಮ ಮುಖಗಳನ್ನು ನೋಡಿದ. ಅಲ್ಲೇ ಬಾಗಿಲಲ್ಲಿ ನಿಂತಿದ್ದ ಕ್ರೇನ್ ಆಪರೇಟರ್‌ಗೆ ನಗು ತಡೆಯಲಾಗಲಿಲ್ಲ. ಅವರು ಉಡುಪಿ ಕಡೆಯವರು, ಮನೆಯಲ್ಲಿ ತುಳು.

“ಎಂತ ಮಾರಾಯ್ರೆ, ನಿಮ್ಮ ಕಡೆ ಜೂನ್ ಒಂದು ಬಿಟ್ರೆ ಬೇರೆ ದಿನ ಹೆರಿಗೆಯೇ ಆಗುದಿಲ್ವಾ?”

“ಆಗ್ತಾವ್ರಿ. ಆದ್ರ ಸಾಲಿ ಹೆಡ್‌ಮಾಸ್ತರ್ರಿಗೆ ಗೊತ್ತಾಗೂದು ಜೂನ್ ಒಂದಕ್ಕ,” ಎಂದೆ.

ನಗುವಿನಲ್ಲಿ ಹೋದ ಮಾತು. ಆದರೆ ನಿಜ ಅದೇ. ನಾನು ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಬೆಳೆದವನು. ಸಾಲಿಗೆ ಹಾಕಿದಾಗ ಹನ್ನೊಂದು ವರ್ಷ. ಅಷ್ಟು ದೊಡ್ಡವನನ್ನು ಒಂದನೇ ಇಯತ್ತೆಗೆ ಹೇಗೆ ಕೂರಿಸುವುದು ಎಂದು ಹೆಡ್‌ಮಾಸ್ತರರು ಆರು ವರ್ಷ ಎಂದು ಬರೆದುಕೊಂಡರು. ಸಾಲಿ ಶುರುವಾಗುವ ದಿನವೇ ನಾನು ಹುಟ್ಟಿದ ದಿನವೂ ಆಯಿತು. ಅವ್ವ ಮಾತ್ರ ಬೇರೆ ಹೇಳುತ್ತಿದ್ದಳು: “ಪಂಚಮಿಗೆ ಉಂಡಿ ಕಟ್ಟಾಕ ಕುಂತಿದ್ದೆ, ಬ್ಯಾನಿ ಬಂತು. ನಮ್ಮ ಓಣ್ಯಾಗ ಬಾಂವಿ ಕಟ್ಟಿದ ವರ್ಷ ನೀ ಹುಟ್ಟಿದಿ.” ಆ ಬಾವಿಯ ಕಟ್ಟೆಯ ಕಲ್ಲಿನಲ್ಲಿ ಇಸವಿ ಕೆತ್ತಿದೆ. ಅದರ ಪ್ರಕಾರ ನಾನು ಪಾಸ್‌ಪೋರ್ಟಿಗಿಂತ ಐದು ವರ್ಷ ದೊಡ್ಡವನು.

ಕೊರಿಯನ್ನರು ವಯಸ್ಸು ಕೇಳುವುದು ಸುಮ್ಮನೆ ಅಲ್ಲ ಎಂದು ಕೆಲವೇ ದಿನಗಳಲ್ಲಿ ತಿಳಿಯಿತು. ವಯಸ್ಸು ಗೊತ್ತಾಗದೆ ಅವರಿಗೆ ಮಾತು ಶುರು ಮಾಡಲಿಕ್ಕೇ ಬರುವುದಿಲ್ಲ. ಒಂದು ವರ್ಷ ಹಿರಿಯನಾದರೂ ಅವನ ಜೊತೆ ಆಡುವ ಮಾತಿನ ಧಾಟಿ ಬೇರೆ. ಹಿರಿಯನಿಗೆ ನೀರು ಸುರಿಯುವುದಾದರೆ ಎರಡೂ ಕೈ ಹಚ್ಚಬೇಕು. ಕಿರಿಯನಿಗೆ ಒಂದು ಕೈ ಸಾಕು. ಊಟದ ಮೇಜಿನಲ್ಲಿ ಎಲ್ಲರಿಗಿಂತ ಹಿರಿಯನು ಚಮಚ ಎತ್ತುವವರೆಗೆ ಉಳಿದವರು ಎತ್ತುವಂತಿಲ್ಲ, ಹಸಿವು ಎಷ್ಟೇ ಇರಲಿ. ಬೆಳಿಗ್ಗೆ ಧ್ವನಿವರ್ಧಕದಲ್ಲಿ ಹಾಡು ಹಾಕಿ ಇಡೀ ಸೈಟಿಗೆ ಕೈಕಾಲು ಆಡಿಸುವ ಕಸರತ್ತು ಮಾಡಿಸುತ್ತಿದ್ದರು. ಅಲ್ಲಿ ಕೂಡ ಹಿರಿಯರು ಮುಂದಿನ ಸಾಲಿನಲ್ಲಿ. ನಮ್ಮಲ್ಲಿಯೂ ಹಿರಿಯರ ಕಾಲು ಮುಟ್ಟುತ್ತೇವೆ, ಆದರೆ ನಮಗೆ ಅಂದಾಜು ಸಾಕು. ಅವರಿಗೆ ವರ್ಷ ಬೇಕು.

ಸೈಟಿನ ಮುಖ್ಯಸ್ಥರನ್ನು ಅವರ ಭಾಷೆಯಲ್ಲಿ ಸೋಜಾಂಗ್ ಎನ್ನುತ್ತಿದ್ದರು. ನಾವೂ ಹಾಗೇ ಕರೆಯುತ್ತಿದ್ದೆವು. ನಲವತ್ತಾರು ವರ್ಷ, ಅಲ್ಲಿದ್ದ ಕೊರಿಯನ್ನರಲ್ಲೆಲ್ಲ ಹಿರಿಯರು. ಗಿಡ್ಡ ಆಳು, ಬಿಸಿಲಿಗೆ ಸುಟ್ಟ ಮುಖ, ಬಾಯಿಬಿಟ್ಟರೆ “ಪಲ್ಲಿ ಪಲ್ಲಿ”, ಅಂದರೆ ಬೇಗ ಬೇಗ. ನನಗೆ ನಲವತ್ತೆರಡು ಎಂದು ತಿಳಿದಿದ್ದರಿಂದ ನಾನು ತಮ್ಮನ ಲೆಕ್ಕ. ಕೆಲಸ ಚೆನ್ನಾಗಿ ಆದ ದಿನ ನನ್ನ ಹೆಲ್ಮೆಟ್ಟಿನ ಮೇಲೆ ಗೆಣ್ಣಿನಿಂದ ಎರಡು ಸಲ ಕುಟ್ಟಿ ಹೋಗುತ್ತಿದ್ದರು. ಅದು ಅವರ ಶಹಬಾಸ್.

ಆ ಬೇಸಿಗೆಯಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಒಂದು, ಕೆಲಸ ಕೊಟ್ಟ ದೊಡ್ಡ ಕಂಪನಿಯವರ, ಅಂದರೆ ಕ್ಲೈಂಟ್‌ನವರ, ಸೇಫ್ಟಿ ಕಡೆಯಿಂದ ಹೊಸ ನಿಯಮ: ಭಾರ ಎತ್ತುವ ಕೆಲಸದಲ್ಲಿ ಸಿಗ್ನಲ್‌ಮನ್‌ಗಳು ನಲವತ್ತೈದು ದಾಟಿರಬಾರದು. ರಾಜಸ್ಥಾನದ ಒಬ್ಬ ಸಿಗ್ನಲ್‌ಮನ್ ಹದಿನೈದು ದಿನದೊಳಗೆ ಊರಿಗೆ ಹೋದ. ನಮ್ಮೆಲ್ಲರಿಗಿಂತ ಒಳ್ಳೆಯ ಕಣ್ಣು ಅವನದು. ಹೋಗುವಾಗ ನನ್ನ ಹೆಗಲು ತಟ್ಟಿ, “ನೀನು ಇನ್ನೂ ಚಿಕ್ಕವನು, ನಿನಗೇನು,” ಎಂದ. ನಾನು ನೆಲ ನೋಡಿದೆ. ಹುಬ್ಬಳ್ಳಿಯಲ್ಲಿ ನನ್ನ ಮಗಳು ನರ್ಸಿಂಗ್ ಓದುತ್ತಿದ್ದಳು, ಇನ್ನೂ ಎರಡು ವರ್ಷ ಇತ್ತು. ಹೆಡ್‌ಮಾಸ್ತರರು ಕೊಟ್ಟ ಐದು ವರ್ಷದ ಮೇಲೆ ನನ್ನ ಮನೆ ನಿಂತಿತ್ತು.

ಎರಡನೆಯದು ಕಾಲಮ್. ಗ್ಯಾಸ್ ಶುದ್ಧ ಮಾಡುವ ಉದ್ದನೆಯ ಉಕ್ಕಿನ ಕೊಳವೆ, ನಮ್ಮೂರಿನ ಗುಡಿಯ ಶಿಖರಕ್ಕಿಂತ ಎತ್ತರ. ಹಡಗಿನಲ್ಲಿ ಬಂದು ಅಡ್ಡ ಮಲಗಿತ್ತು. ಅದನ್ನು ಎತ್ತಿ ನೆಟ್ಟಗೆ ಮಾಡಿ ಕಾಂಕ್ರೀಟಿನ ಪಾಯದ ಮೇಲೆ, ಅಲ್ಲಿ ನಿಂತಿರುವ ಬೋಲ್ಟುಗಳಿಗೆ ಸರಿಯಾಗಿ ಕೂರಿಸಬೇಕು. ಇದಕ್ಕೆ ಎರಡು ಕ್ರೇನ್ ಬೇಕು. ತಲೆಯ ಕಡೆ ದೊಡ್ಡದು, ಬುಡದ ಕಡೆ ಸಣ್ಣದು. ಮೊದಲು ಎರಡೂ ಒಟ್ಟಿಗೆ ಎತ್ತುತ್ತವೆ. ಆಮೇಲೆ ದೊಡ್ಡದು ತಲೆಯನ್ನು ಮೇಲೆಳೆಯುತ್ತ ಹೋದ ಹಾಗೆ ಸಣ್ಣದು ಬುಡವನ್ನು ಹಿಡಿದುಕೊಂಡು ನಿಧಾನ ಒಳಗೆ ಬರುತ್ತದೆ. ಒಂದು ಬೇಗ ಆದರೂ ಇನ್ನೊಂದರ ಮೇಲೆ ಭಾರ ಬೀಳುತ್ತದೆ. ಕಾಲಮ್ ಗಾಳಿಗೆ ತಿರುಗಬಾರದೆಂದು ಎರಡೂ ತುದಿಗೆ ಹಗ್ಗ ಕಟ್ಟಿ ಜನ ಹಿಡಿದಿರುತ್ತಾರೆ. ದೊಡ್ಡ ಕ್ರೇನಿನಲ್ಲಿ ಉಡುಪಿಯವರು. ಅದರ ಸಿಗ್ನಲ್ ನನ್ನದು.

ತೊಂದರೆ ಮೊದಲಿನಿಂದಲೇ. ಕ್ರೇನಿನ ಕೆಳಗೆ ಹಾಸಿದ ಮರದ ತೊಲೆಗಳು ಒಂದು ಮೂಲೆಯಲ್ಲಿ ಮರಳಿನಲ್ಲಿ ಇಳಿದವು. ಕ್ರೇನ್ ಹಿಂದೆ ತೆಗೆದು, ಮಣ್ಣು ಬಗೆದು, ಜಲ್ಲಿ ಹಾಕಿ ರೋಲರ್ ಹೊಡೆದು ಮತ್ತೆ ಹಾಸಿದೆವು. ಆಮೇಲೆ ಸಂಕಲೆ ಜೋಡಿಸುವ ಒಂದು ದೊಡ್ಡ ಪಿನ್ನಿನ ಮೈಮೇಲೆ ಕೂದಲೆಳೆಯಂಥ ಗೀರು ಕಂಡಿತು. ದೋಹಾದಲ್ಲಿ ಆ ಅಳತೆಯದು ಮಾಫಿ, ಇಲ್ಲವೇ ಇಲ್ಲ. ದುಬೈಯಿಂದ ತರಿಸಬೇಕಾಯಿತು. ಅದು ಬರುವಷ್ಟರಲ್ಲಿ ಶಮಾಲ್ ಗಾಳಿ ಎದ್ದಿತು. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಆ ಗಾಳಿ ಒಮ್ಮೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಹಲ್ಲಿನ ಸಂದಿಯಲ್ಲೆಲ್ಲ ಮರಳು.

ದೊಡ್ಡ ಕ್ರೇನ್ ಬಾಡಿಗೆಯದು. ಅದನ್ನು ಬೇರೆ ದೇಶಕ್ಕೆ ಒಯ್ಯುವ ಹಡಗು ಆಗಲೇ ದಾರಿಯಲ್ಲಿತ್ತು. ಹಡಗಿಗೆ ಮೊದಲು ಕಾಲಮ್ ನಿಲ್ಲದಿದ್ದರೆ ಆ ಕ್ರೇನ್ ಮತ್ತೆ ಸಿಗುವುದು ಚಳಿಗಾಲಕ್ಕೆ. ಸೋಜಾಂಗ್ ದಿನಾ ಕೊರಿಯಾದ ಹೆಡ್ ಆಫೀಸಿನ ಜೊತೆ ಫೋನಿನಲ್ಲಿ ಮಾತಾಡುವುದು ಹೊರಗೆ ಕೇಳುತ್ತಿತ್ತು. ಆಚೆ ಯಾರೋ ಅವರಿಗಿಂತ ಹಿರಿಯರು. ಕಾಣದ ಮನುಷ್ಯನಿಗೆ ಇವರು ಫೋನ್ ಹಿಡಿದೇ ಬಗ್ಗುತ್ತಿದ್ದರು.

ಎತ್ತುವ ದಿನ ಬೆಳಕು ಹರಿಯುವ ಮೊದಲೇ ಹೋದೆವು. ಗಾಳಿ ತುಸು ಇಳಿದಿತ್ತು. ಕ್ರೇನಿನ ತೋಳಿನ ತುದಿಗೆ ಗಾಳಿ ಅಳೆಯುವ ಯಂತ್ರ ಇರುತ್ತದೆ, ಅದರ ಅಂಕಿ ಕೆಳಗೆ ಎಂಜಿನಿಯರ್‌ನ ಕೈಯಲ್ಲಿದ್ದ ಡಬ್ಬಿಯಲ್ಲಿ ಕಾಣುತ್ತಿತ್ತು. ಸೆಕೆಂಡಿಗೆ ಹತ್ತು ಮೀಟರ್ ದಾಟಿದರೆ ಎತ್ತುವಂತಿಲ್ಲ ಎಂದು ಅವರದೇ ಪ್ಲಾನಿನಲ್ಲಿ ಬರೆದಿತ್ತು. ಆಗ ಎಂಟು ಇತ್ತು. ಸೋಜಾಂಗ್ ಆಕಾಶ ನೋಡಿ, “ಯಲ್ಲಾ,” ಎಂದರು, ನಡೆಯಿರಿ ಎಂದು.

ಎರಡೂ ಕ್ರೇನ್ ಭಾರ ಹಿಡಿದವು. ಸಂಕಲೆಗಳು ಬಿಗಿದು ಕಿರ್ ಎಂದವು. ಕಾಲಮ್ ತನ್ನ ಕೆಳಗಿಟ್ಟಿದ್ದ ಮರದ ದಿಂಬುಗಳಿಂದ ಮೇಲೆದ್ದಿತು, ಆಳೆತ್ತರ ಆಗುವಷ್ಟರಲ್ಲಿ ನಿಲ್ಲಿಸಿ ಎಲ್ಲ ಕೊಂಡಿ ನೋಡಬೇಕು. ನಿಲ್ಲಿಸಿದೆ. ಅದೇ ಹೊತ್ತಿಗೆ ಮರಳಿನ ಒಂದು ಪರದೆ ಸಮುದ್ರದ ಕಡೆಯಿಂದ ಬಂದು ಹೋಯಿತು. ಕಾಲಮ್ ಸಾವಕಾಶ, ಎಮ್ಮೆ ಕತ್ತು ಹೊರಳಿಸಿದ ಹಾಗೆ, ಪಕ್ಕಕ್ಕೆ ತಿರುಗಿತು. ಹಗ್ಗ ಹಿಡಿದವರಲ್ಲಿ ಹುನಗುಂದದವನು ಇದ್ದ. ಅವನ ಬೂಟು ಜಲ್ಲಿಯಲ್ಲಿ ಗೆರೆ ಎಳೆಯುತ್ತ ಜಾರಿತು. ಮತ್ತೆ ಹಿಮ್ಮಡಿ ಊರಿ ನಿಂತ.

ಎಂಜಿನಿಯರ್ ಡಬ್ಬಿ ನೋಡಿದ. ನಾನು ಅವನ ಪಕ್ಕದಲ್ಲೇ ಇದ್ದೆ, ನನಗೂ ಕಂಡಿತು. ಹನ್ನೊಂದು. ಆಮೇಲೆ ಹನ್ನೆರಡು. ಡಬ್ಬಿಯನ್ನು ಸೋಜಾಂಗ್ ಕಡೆ ತಿರುಗಿಸಿ ಹಿಡಿದ, ಅಷ್ಟೇ. ಸೋಜಾಂಗ್ ನೋಡಿದರು. ನೋಡಿಯೂ ರೇಡಿಯೋದಲ್ಲಿ, “ಎತ್ತು. ಪಲ್ಲಿ ಪಲ್ಲಿ,” ಎಂದರು.

ಇಲ್ಲಿ ಒಂದು ಮಾತು ಹೇಳಬೇಕು. ನಿಲ್ಲು ಎನ್ನುವ ಸನ್ನೆಯನ್ನು ಸೈಟಿನಲ್ಲಿ ಯಾರು ಬೇಕಾದರೂ ಕೊಡಬಹುದು, ಕಾಗದದ ಮೇಲೆ ಹಾಗೆ ಇದೆ. ಆದರೆ ಎಂಜಿನಿಯರ್‌ಗೆ ಸೋಜಾಂಗ್ ತಂದೆಯ ಸಮ. ಅಷ್ಟು ಜನರ ಎದುರು ಅವರು ಹೇಳಿದ್ದು ತಪ್ಪು ಎನ್ನಲು ಅವನ ನಾಲಿಗೆ ತಿರುಗುವುದಿಲ್ಲ. ಅವನು ಹೆದರುಪುಕ್ಕಲ ಅಲ್ಲ, ಅವನನ್ನು ಬೆಳೆಸಿದ ರೀತಿ ಹಾಗೆ. ಅಲ್ಲಿದ್ದ ಕೊರಿಯನ್ನರೆಲ್ಲರೂ ಅವರಿಗಿಂತ ಚಿಕ್ಕವರು.

ನಾನು ಎರಡೂ ಕೈ ಅಗಲಿಸಿ ಅಂಗೈ ಕೆಳಗೆ ಮಾಡಿ ಬೀಸಿದೆ. ತುರ್ತಾಗಿ ನಿಲ್ಲಿಸುವ ಸನ್ನೆ ಅದು. ಉಡುಪಿಯವರು ಬ್ರೇಕ್ ಹಾಕಿದರು. ಸಣ್ಣ ಕ್ರೇನ್ ಕೂಡ ನಿಂತಿತು. ಕಾಲಮ್ ಗಾಳಿಯಲ್ಲಿ ತೂಗುತ್ತ ಉಳಿಯಿತು.

ಸೋಜಾಂಗ್ ಓಡುತ್ತಲೇ ಬಂದರು. ಮುಖ ಕೆಂಡ. ನನ್ನ ಎದೆಯ ಮುಂದೆ ಬೆರಳು ಹಿಡಿದು ಅವರ ಭಾಷೆಯಲ್ಲಿ ಏನೋ ಕೂಗಿದರು. ಎಂಜಿನಿಯರ್ ಸಣ್ಣ ದನಿಯಲ್ಲಿ ಅದನ್ನು ತಿರುಗಿಸಿ ಹೇಳಿದ: “ನಿನ್ನ ವಯಸ್ಸೆಷ್ಟು ಅಂತ ಕೇಳ್ತಿದ್ದಾರೆ.”

ಇಂಥ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂದು ನಿಮಗೆ ಅನಿಸಬಹುದು. ಅವರ ದೇಶದಲ್ಲಿ ಬೀದಿ ಜಗಳ ಶುರುವಾಗುವುದೇ ಈ ಮಾತಿನಿಂದಂತೆ. ನನ್ನನ್ನು ತಡೆಯಲು ನೀನು ಎಷ್ಟು ದೊಡ್ಡವನು ಎಂದು ಅದರ ಅರ್ಥ. ನಲವತ್ತೆರಡು ಎಂದರೆ ಮುಗಿಯಿತು. ತಲೆ ತಗ್ಗಿಸಿ ಕ್ಯಾಂಪಿಗೆ ನಡೆಯಬೇಕು, ನನ್ನ ಜಾಗದಲ್ಲಿ ಇನ್ನೊಬ್ಬ ನಿಲ್ಲುತ್ತಾನೆ, ಕಾಲಮ್ ಮೇಲೆ ಹೋಗುತ್ತದೆ. ನಿಜ ಹೇಳಿದರೆ ಅಲ್ಲೇ ನಾಲ್ಕು ಹೆಜ್ಜೆ ಆಚೆ ಕ್ಲೈಂಟ್ ಕಡೆಯ ಸೇಫ್ಟಿ ಅಧಿಕಾರಿ ನಿಂತಿದ್ದ. ಹುನಗುಂದದವನ ಬೂಟು ಮತ್ತೆ ಜಾರುವ ಸದ್ದು ಬಂತು.

“ನಲವತ್ತೇಳು,” ಎಂದೆ.

ಎಂಜಿನಿಯರ್ ಅದನ್ನು ಹೇಳುವ ಮೊದಲು ಒಮ್ಮೆ ನನ್ನ ಮುಖ ನೋಡಿದ. ಹೇಳಿದ.

“ಪಾಸ್‌ಪೋರ್ಟ್?” ಎಂದು ಸೋಜಾಂಗ್ ಕೇಳಿದರು. ಅದಕ್ಕೆ ತಿರುಗಿಸುವವರು ಬೇಕಾಗಲಿಲ್ಲ.

“ಪಾಸ್‌ಪೋರ್ಟಿನಲ್ಲಿ ಇರೋದು ಸಾಲಿ ಮಾಸ್ತರರು ಕೊಟ್ಟಿದ್ದು. ಇದು ನನ್ನ ತಾಯಿ ಕೊಟ್ಟಿದ್ದು. ಬಾವಿ ಕಟ್ಟಿದ ವರ್ಷ ಹುಟ್ಟಿದೆ, ಕಲ್ಲಿನಲ್ಲಿ ಇಸವಿ ಇದೆ. ನಿಮಗಿಂತ ಒಂದು ವರ್ಷ ದೊಡ್ಡವನು. ಕೆಳಗಿಳಿಸೋಣ ಸೋಜಾಂಗ್.”

ಎಂಜಿನಿಯರ್ ಅದನ್ನೂ ತಿರುಗಿಸಿ ಹೇಳಿದ. ಕೂಗಾಟಕ್ಕೆ ಕಾದು ನಿಂತೆ. ಅವರು ಕೂಗಲಿಲ್ಲ. ನನ್ನ ಎದೆಯ ಮುಂದೆ ಇದ್ದ ಬೆರಳು ಮಡಚಿಕೊಂಡಿತು. ಕಾಲಮ್ಮಿನ ಕಡೆ ನೋಡಿದರು, ಮತ್ತೆ ನನ್ನ ಕಡೆ. ಆಮೇಲೆ ಎಲ್ಲರೂ ನೋಡುವಂತೆ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ತಲೆ ಬಗ್ಗಿಸಿದರು. “ಹ್ಯೊಂಗ್‌ನಿಮ್,” ಎಂದರು. ಅಣ್ಣಾವರೇ ಎಂದು ಅರ್ಥ. ರೇಡಿಯೋ ಬಾಯಿಗೆ ಹಿಡಿದು, “ಇಳಿಸಿ,” ಎಂದರು.

ಇಳಿಸಿದೆವು. ಇಳಿಸುವುದೇ ಎತ್ತುವುದಕ್ಕಿಂತ ಕಷ್ಟ ಆಯಿತು, ಗಾಳಿಗೆ ಕಾಲಮ್ ದಿಂಬಿನ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಮೂರು ಸಲ ಎತ್ತಿ ಸರಿಸಿ ಕೂರಿಸಿದೆ. ಸಂಕಲೆ ಸಡಿಲವಾದಾಗ ಹುನಗುಂದದವನು ಹಗ್ಗ ಬಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಕೈಗವಸು ಹರಿದು ಅಂಗೈಯ ಚರ್ಮ ಕಿತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಗಾಳಿ ಪೂರಾ ಬಿದ್ದುಹೋಯಿತು! ನೋಡಿ, ಹೀಗೂ ಆಗುತ್ತದೆ. ನಾವು ಎತ್ತಿದ್ದರೆ ಏನೂ ಆಗುತ್ತಿರಲಿಲ್ಲವೇನೋ, ಅಥವಾ ಆಗುತ್ತಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅಂದಿನ ಉರಿಬಿಸಿಲಿನಲ್ಲಿ ಮತ್ತೆ ಎತ್ತುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಎತ್ತಿದೆವು. ಎಲೆಯೂ ಅಲುಗದಷ್ಟು ಗಾಳಿ ಬಿದ್ದಿತ್ತು. ಕಾಲಮ್ ನೆಟ್ಟಗೆ ನಿಂತು ಬೋಲ್ಟುಗಳ ಮೇಲೆ ಕೂತಿತು, ಹಡಗು ಬರುವುದರೊಳಗೆ ಕ್ರೇನ್ ಬಿಚ್ಚಿದೆವು.

ಕ್ಯಾಂಪಿನಲ್ಲಿ ನನಗೆ ಹೊಸ ಹೆಸರು ಬಂತು, ಮುತ್ಯಾ, ಅಂದರೆ ಅಜ್ಜ. ನೀರಿನ ಡ್ರಮ್ಮಿನ ಹತ್ತಿರ ಸಾಲಿನಲ್ಲಿ ನಿಂತರೆ, “ದಾರಿ ಬಿಡ್ರೋ, ಮುತ್ಯಾ ಬಂದಾನ,” ಎಂದು ಗದಗಿನವನು ಕೂಗುವನು. “ಮುತ್ಯಾ, ಬ್ರಿಟಿಷರ ಕಾಲದಾಗ ಕ್ರೇನ್ ಎಳ್ಯಾಕ ಎತ್ತು ಇದ್ದೂ ಏನ್ರೀ?” ಎಂದು ಇನ್ನೊಬ್ಬ. ನಾನೂ ನಕ್ಕೆ. ಒಳಗೆ ನಗು ಇರಲಿಲ್ಲ.

ಕೆಲವು ದಿನ ಬಿಟ್ಟು ಕ್ಯಾಂಪ್ ಆಫೀಸಿನ ಕ್ಲರ್ಕ್ ಕರೆಸಿದ. ಪಾಲಕ್ಕಾಡಿನವನು, ಒಳ್ಳೆಯ ಮನುಷ್ಯ. ಬಾಗಿಲು ಹಾಕಿಕೊಂಡ.

“ಸೇಫ್ಟಿಯವರು ಕೇಳ್ತಿದ್ದಾರೆ. ಪಾಸ್‌ಪೋರ್ಟಿನಲ್ಲಿ ನಲವತ್ತೆರಡು, ನೀವು ಸೈಟಿನಲ್ಲಿ ಹೇಳಿದ್ದು ನಲವತ್ತೇಳು. ನಾಡಿದ್ದು ನಿಮ್ಮನ್ನೇ ಕೂರಿಸಿ ಕೇಳ್ತಾರೆ. ಆ ಹೊತ್ತಿಗೆ ಕ್ರೇನ್ ನಿಲ್ಲಿಸಬೇಕಿತ್ತು, ಬಾಯಿಗೆ ಬಂದದ್ದು ಹೇಳಿದೆ, ಅದು ಸುಳ್ಳು ಅನ್ನಿ. ಖಲಾಸ್. ಯಾರಿಗೂ ನಷ್ಟ ಇಲ್ಲ.”

ಯಾರಿಗೂ ನಷ್ಟ ಇಲ್ಲ ಎನ್ನುವ ಮಾತು ನನ್ನ ತಲೆಯಲ್ಲಿ ಸುತ್ತುತ್ತ ಉಳಿಯಿತು. ಸುಳ್ಳು ಎಂದರೆ ನನ್ನ ಕೆಲಸ ಉಳಿಯುತ್ತದೆ, ಮಗಳ ಓದು ಮುಗಿಯುತ್ತದೆ. ಆದರೆ ಸೋಜಾಂಗ್? ತನಗಿಂತ ನಾಲ್ಕು ವರ್ಷ ಚಿಕ್ಕವನಿಗೆ, ಅದೂ ಒಬ್ಬ ಸುಳ್ಳನಿಗೆ, ಇಡೀ ಸೈಟಿನ ಎದುರು ಹೆಲ್ಮೆಟ್ ತೆಗೆದು ಅಣ್ಣಾ ಎಂದವರಾಗುತ್ತಾರೆ. ನಮ್ಮಲ್ಲಿ ಅದು ನಾಲ್ಕು ದಿನದ ನಗೆಯ ಮಾತು. ಅವರಲ್ಲಿ ಅಲ್ಲ.

ಉಡುಪಿಯವರಿಗೆ ಹೇಳಿದೆ. ಅವರು ಸಿಟ್ಟಾದರು.

“ನಿಮಗೆ ಹುಚ್ಚು ಉಂಟಾ? ಅವರು ನಿಮ್ಮ ಹೆಂಡತಿ ಮಕ್ಕಳಿಗೆ ಗಂಜಿ ಹಾಕ್ತಾರಾ? ನಾಳೆ ಅವರು ಕೊರಿಯಾಕ್ಕೆ ಹೋಗಿ ದೊಡ್ಡ ಸಾಹೇಬ್ರಾಗ್ತಾರೆ. ನೀವು ಊರಿಗೆ ಹೋಗಿ ಎಂತ ಮಾಡುದು? ಆ ಬಾವಿಕಟ್ಟೆ ಮೇಲೆ ಕೂತು ಇಸವಿ ಓದುದಾ?”

“ಅಂವ ತಲಿ ಬಗ್ಗಿಸ್ಯಾನ್ರಿ, ಅಷ್ಟು ಮಂದಿ ಮುಂದ.”

“ಬಗ್ಗಿಸ್ಲಿ. ಆ ಜನ ದಿನಕ್ಕೆ ನೂರು ಸಲ ಬಗ್ಗಿಸ್ತದೆ. ಫೋನಿಗೂ ಬಗ್ಗಿಸ್ತದೆ.”

ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ವಿಚಾರಣೆಯ ಹಿಂದಿನ ಸಂಜೆ ಎಂಜಿನಿಯರ್ ಬಂದು, ಸೋಜಾಂಗ್ ಕರೆಯುತ್ತಿದ್ದಾರೆ ಎಂದ. ಅವರ ಕ್ಯಾಬಿನ್‌ಗೆ ಹೋದೆ. ಎಂಜಿನಿಯರನ್ನು ಹೊರಗೆ ಕಳಿಸಿದರು. ನಾವಿಬ್ಬರೇ. ಹುರಿದ ಬಾರ್ಲಿಯ ಚಹಾ ಇತ್ತು, ಅವರು ನೀರಿನ ಹಾಗೆ ಕುಡಿಯುವುದು ಅದನ್ನೇ. ನನ್ನ ಲೋಟಕ್ಕೆ ಸುರಿದರು. ಒಂದೇ ಕೈಯಿಂದ.

ನಾನು ಅದನ್ನು ನೋಡಿದೆ. ಆ ದಿನದಿಂದ ಅವರು ಎಲ್ಲರ ಎದುರು ನನಗೆ ನೀರು ಕೊಟ್ಟರೂ ಎರಡು ಕೈ ಹಚ್ಚುತ್ತಿದ್ದರು. ಸಿಟ್ಟು ಬಂದಿದೆ, ನನ್ನನ್ನು ಸುಳ್ಳ ಎಂದುಕೊಂಡಿದ್ದಾರೆ ಎಂದು ಅನಿಸಿತು.

ನನ್ನ ಕಣ್ಣು ಎಲ್ಲಿದೆ ಎಂದು ಅವರಿಗೆ ಗೊತ್ತಾಯಿತು. ಸಣ್ಣಗೆ ನಕ್ಕರು.

“ನನಗೆ ನಲವತ್ತೆಂಟು,” ಎಂದರು, ಮುರುಕು ಇಂಗ್ಲಿಷಿನಲ್ಲಿ.

ನನಗೆ ತಿಳಿಯಲಿಲ್ಲ.

“ಚಿಕ್ಕವನಿದ್ದಾಗ ನಮ್ಮಲ್ಲಿ ಯುದ್ಧ. ಊರಿನ ಕಚೇರಿ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಮತ್ತೆ ಬರೆಸಲಿಕ್ಕೆ ಮಾವ ಹೋದ. ನಾನು ಹಸಿವಿಗೆ ಬೆಳೆದಿರಲಿಲ್ಲ, ಗುಮಾಸ್ತ ನೋಡಿ ಎರಡು ವರ್ಷ ಕಡಿಮೆ ಬರೆದ. ನಮ್ಮ ವಯಸ್ಸಿನವರು ಅಂಥವರು ಬಹಳ ಜನ. ಹುಟ್ಟಿದ ದಿನ ಕೂಡ ಚಂದ್ರನ ಲೆಕ್ಕ, ಕಾಗದದಲ್ಲಿ ಇರೋದು ಬೇರೆ.” ಎದೆ ಮುಟ್ಟಿಕೊಂಡರು. “ನೀನು ತಾಯಿ, ಬಾವಿ ಅಂದ ತಕ್ಷಣ ಗೊತ್ತಾಯಿತು, ಇವನು ನಿಜ ಹೇಳ್ತಾನೆ ಅಂತ. ಲೆಕ್ಕ ಹಾಕಿದೆ. ನಾನೇ ಒಂದು ವರ್ಷ ದೊಡ್ಡವನು.”

“ಮತ್ತೆ ಅವತ್ತು ಯಾಕೆ…”

ಅವರು ಲೋಟ ಕೆಳಗಿಟ್ಟರು.

“ಹನ್ನೆರಡು ನನಗೂ ಕಂಡಿತ್ತು. ಎತ್ತುತ್ತೇನೆ ಅಂತ ಮೇಲಿನವರಿಗೆ ಮಾತು ಕೊಟ್ಟಿದ್ದೆ. ನಾನಾಗಿ ನಿಲ್ಲಿಸೋಕೆ ಆಗ್ತಿರಲಿಲ್ಲ. ಯಾರಾದರೂ ನಿಲ್ಲಿಸಲಿ ಅಂತ ಕಾದೆ. ಯಾರೂ ನಿಲ್ಲಿಸಲಿಲ್ಲ, ಅದಕ್ಕೆ ಸಿಟ್ಟು ಹೆಚ್ಚಾಯಿತು. ನೀನು ನಿಲ್ಲಿಸಿದೆ. ಅದಕ್ಕೂ ಸಿಟ್ಟು ಬಂತು. ಹಿರಿಯನು ಹೇಳಿದ, ಕೇಳಿದೆ ಅಂದರೆ ನನ್ನ ಜನ ಒಪ್ಪುತ್ತಾರೆ. ಇಳಿಯೋಕೆ ಅದೊಂದೇ ಮೆಟ್ಟಿಲು ಇತ್ತು.”

ಆಮೇಲೆ ಕರೆಸಿದ ಕೆಲಸದ ಮಾತಿಗೆ ಬಂದರು. ನಾಳೆ ಸುಳ್ಳು ಹೇಳಿದೆ ಎಂದುಬಿಡು. ನನಗೆ ಏನಾಗುತ್ತದೋ ಆಗಲಿ, ನಿನಗೆ ಮಗಳಿದ್ದಾಳೆ ಎಂದು ಕ್ಲರ್ಕ್ ಹೇಳಿದ್ದಾನೆ. ಇದು ಅಣ್ಣ ತಮ್ಮನಿಗೆ ಹೇಳುವ ಮಾತು, ತಮ್ಮ ಕೇಳಬೇಕು ಎಂದರು. ನಾನು ಹೊರಡುವಾಗ ನನ್ನ ತಲೆಯ ಮೇಲೆ, ಹೆಲ್ಮೆಟ್ ಇರಲಿಲ್ಲ, ಬರೀ ತಲೆಯ ಮೇಲೆ ಎರಡು ಸಲ ಕುಟ್ಟಿದರು.

ಮರುದಿನ ಸೇಫ್ಟಿ ಅಧಿಕಾರಿ ನನ್ನ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಕೇಳಿದ. ಕ್ಲರ್ಕ್ ಪಕ್ಕದಲ್ಲಿ ಕೂತು ಕಣ್ಣಿನಲ್ಲೇ ಹೇಳಿಕೊಡುತ್ತಿದ್ದ. ಬಾಯಿಗೆ ಬಂದಿತ್ತು, ಸುಳ್ಳು ಹೇಳಿದೆ ಎಂದು ಇನ್ನೇನು ಹೇಳಬೇಕು. ಆದರೆ ಸೋಜಾಂಗ್ ಒಮ್ಮೆ ದೊಡ್ಡವನಾಗಿದ್ದುಕೊಂಡು ಚಿಕ್ಕವನಾದ ಮನುಷ್ಯ. ಎರಡನೇ ಸಲ ಅವನನ್ನು ಸುಳ್ಳನ ಎದುರು ಬಗ್ಗಿದವನನ್ನಾಗಿ ಮಾಡಲು ನನ್ನಿಂದ ಆಗಲಿಲ್ಲ. ಇನ್ನೊಂದೂ ಇತ್ತು. ನಾನು ಸುಳ್ಳನಾದರೆ ನಾಳೆ ಗಾಳಿಯಲ್ಲಿ ಇನ್ನೊಬ್ಬ ಕೈ ಅಗಲಿಸಿದಾಗ ಯಾರು ನಂಬುತ್ತಾರೆ?

“ಸೈಟಿನಲ್ಲಿ ಹೇಳಿದ್ದೇ ನಿಜ,” ಎಂದೆ. ಕ್ಲರ್ಕ್ ಕಣ್ಣು ಮುಚ್ಚಿಕೊಂಡ.

ಸೋಜಾಂಗ್ ನನ್ನ ಜೊತೆ ಕೆಲವು ದಿನ ಮಾತು ಬಿಟ್ಟರು. ಆದರೆ ನನ್ನನ್ನು ಸಾಮಾನಿನ ಸ್ಟೋರಿಗೆ ಹಾಕಿಸಲು ಕ್ಲೈಂಟ್‌ನವರ ಹತ್ತಿರ ಎರಡು ಸಲ ಹೋಗಿ ಬಂದರು ಎಂದು ಎಂಜಿನಿಯರ್ ಹೇಳಿದ. ಪಾಸ್‌ಪೋರ್ಟಿನ ವಯಸ್ಸೇ ತಪ್ಪು ಎಂದ ಮೇಲೆ ಇಟ್ಟುಕೊಳ್ಳಲು ಆಗುವ ಹಾಗಿರಲಿಲ್ಲ. ಟಿಕೆಟ್ ಬಂತು. ಮಗಳಿಗೆ ಕಾಗದ ಹೇಗೆ ಬರೆಯಲಿ ಎಂದು ತಿಳಿಯದೆ ಪೆನ್ನು ಹಿಡಿದು ಕೂತ ದಿನಗಳು ಅವು. ಅವಳ ಓದು ನಿಲ್ಲಲಿಲ್ಲ. ಊರಿಗೆ ಬಂದು ಮತ್ತೆ ಮಗ್ಗದ ಮನೆ ಸೇರಿ ಹೇಗೋ ದಡ ಮುಟ್ಟಿಸಿದೆವು. ಆ ಕಥೆ ಇಲ್ಲಿ ಬೇಡ.

ಹೊರಡುವ ಮುಂಚೆ ಒಂದು ಬೆಳಿಗ್ಗೆ ಎಂಜಿನಿಯರ್ ಬಂದು ಕೊರಿಯನ್ನರ ಮೆಸ್ಸಿಗೆ ಕರೆದೊಯ್ದ. ನಮ್ಮ ಮೆಸ್ ಬೇರೆ, ಅಲ್ಲಿಗೆ ನಾವು ಹೋಗುತ್ತಿರಲಿಲ್ಲ. ಉದ್ದನೆಯ ಮೇಜುಗಳಲ್ಲಿ ಎಲ್ಲರೂ ಕೂತಿದ್ದರು. ಸೋಜಾಂಗ್ ಎದುರಿನ ಜಾಗ ಖಾಲಿ ಇತ್ತು, ಅಲ್ಲಿ ಕೂರಿಸಿದರು. ಬಟ್ಟಲಿನಲ್ಲಿ ಹಸಿರು ಸಾರು, ಮೇಲೆ ಅಗಲವಾದ ಎಲೆಗಳು ತೇಲುತ್ತಿದ್ದವು. ಸಮುದ್ರದ ಸೊಪ್ಪಂತೆ. ಅವರಲ್ಲಿ ಹುಟ್ಟಿದ ದಿನ ಎಲ್ಲರೂ ಅದನ್ನೇ ಉಣ್ಣುತ್ತಾರೆ, ಹೆತ್ತ ತಾಯಂದಿರಿಗೆ ಕೊಡುವ ಸಾರು ಅದು ಎಂದು ಎಂಜಿನಿಯರ್ ಹೇಳಿದ. ನಾನು ಮಾಂಸ ತಿನ್ನುವುದಿಲ್ಲ ಎಂದು ಮಾಂಸ ಹಾಕದೆ ಮಾಡಿಸಿದ್ದರು.

ಅಂದು ಪಂಚಮಿ. ಎಂಜಿನಿಯರ್ ಯಾವಾಗಲೋ ಮಾತಿಗೆ ಮಾತು ಸೇರಿಸಿ ಕೇಳಿದ್ದ, ನಿಮ್ಮ ತಾಯಿ ಹೇಳಿದ ದಿನ ಯಾವುದು ಎಂದು. ಶ್ರಾವಣ ಹುಟ್ಟಿ ಐದನೇ ದಿನ ಎಂದಿದ್ದೆ. ಅವರೂ ಚಂದ್ರನ ಲೆಕ್ಕದ ಕ್ಯಾಲೆಂಡರ್ ಇಟ್ಟುಕೊಂಡ ಜನ, ಹುಡುಕಿದ್ದರು. ನಲವತ್ತೇಳು ವರ್ಷದಲ್ಲಿ ನನ್ನ ಹುಟ್ಟಿದ ದಿನ ಯಾರೂ ಮಾಡಿರಲಿಲ್ಲ, ನನ್ನ ಅವ್ವನೂ ಮಾಡಿರಲಿಲ್ಲ.

ಸೋಜಾಂಗ್ ಎದ್ದು ನಿಂತು ನನ್ನ ಲೋಟಕ್ಕೆ ಬಾರ್ಲಿ ಚಹಾ ಸುರಿದರು. ಎರಡೂ ಕೈಯಿಂದ. ಕೂತರು. ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡರು. ಮೆಸ್ಸಿನಲ್ಲಿ ಯಾರೂ ಅಲುಗಲಿಲ್ಲ. ಎಲ್ಲರೂ ಅವರನ್ನು ನೋಡುತ್ತಿದ್ದರು, ಅವರು ನನ್ನನ್ನು. ಯಾತಕ್ಕೆ ಕಾಯುತ್ತಿದ್ದಾರೆ ಎಂದು ನನಗೆ ತಡವಾಗಿ ಹೊಳೆಯಿತು. ಆ ಮೆಸ್ಸಿನಲ್ಲಿ ನಿಜವಾದ ಹಿರಿಯ ಯಾರು ಎಂದು ಗೊತ್ತಿದ್ದವರು ನಾವಿಬ್ಬರೇ. ಸಾರಿನ ಹಬೆ ಕಡಿಮೆಯಾಗುತ್ತ ಬಂತು. ನಾನು ಚಮಚ ಎತ್ತಿದೆ. ಆಮೇಲೆ ಅವರು ಎತ್ತಿದರು, ಆಮೇಲೆ ಎಲ್ಲರೂ.

ಇಷ್ಟು ಬರೆಯಲು ನನಗೆ ಬಹಳ ದಿನ ಹಿಡಿಯಿತು. ನಿಮ್ಮಲ್ಲಿಯೂ ಎರಡು ಹುಟ್ಟಿದ ದಿನ ಇಟ್ಟುಕೊಂಡು ಕೊಲ್ಲಿ ದೇಶಗಳಲ್ಲಿ ದುಡಿದವರು ಇದ್ದೇ ಇರುತ್ತೀರಿ. ಬೇರೆ ದೇಶದ ಮೇಲಾಧಿಕಾರಿ ನಿಮಗಾಗಿ ಚಿಕ್ಕವನಾಗಿದ್ದರೆ, ಅಥವಾ ನೀವೇ ಯಾರಿಗಾದರೂ ಹಾಗೆ ಆಗಿದ್ದರೆ, ದಯವಿಟ್ಟು ಬರೆದು ತಿಳಿಸಿರಿ. ಅಕ್ಷರ ತಪ್ಪಾದರೂ ಚಿಂತೆಯಿಲ್ಲ, ನಾನು ನಿಧಾನ ಓದುತ್ತೇನೆ.